ಚೆಂಡು ಎಸೆದವರಿಗೇ ನೆನಪಿಲ್ಲ

ಫೋನಿನಲ್ಲಿ 2003ರ ರಗ್ಬಿ ವಿಶ್ವಕಪ್ ಫೈನಲ್ ಎಂದು ಹುಡುಕಿ. ಕೊನೆಯ ನಿಮಿಷದ ವಿಡಿಯೊ ಸಿಗುತ್ತದೆ. ನವೆಂಬರ್ 22ರ ರಾತ್ರಿ, ಸಿಡ್ನಿ. ಆಸ್ಟ್ರೇಲಿಯಾ 17, ಇಂಗ್ಲೆಂಡ್ 17. 80 ನಿಮಿಷದ ಆಟ ಸಮ ಆಗಿ ಮುಗಿದಿದೆ, ಹೆಚ್ಚುವರಿ ಕೊಟ್ಟ 20 ನಿಮಿಷವೂ ಮುಗಿಯುತ್ತ ಬಂದಿದೆ. ಆಗ ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಚೆಂಡು ನೆಲಕ್ಕೆ ಬಿಟ್ಟು, ಪುಟಿದ ಕೂಡಲೇ ಬಲಗಾಲಿನಲ್ಲಿ ಒದೆಯುತ್ತಾರೆ. ಅವರು ನಿಜಕ್ಕೂ ಎಡಗಾಲಿನವರು. ಆದರೂ ಚೆಂಡು ಎರಡು ಕಂಬಗಳ ನಡುವೆ ದಾಟಿತು. 3 ಅಂಕ. 20-17. ಇನ್ನು ಉಳಿದಿದ್ದದ್ದು 26 ಸೆಕೆಂಡು.

ಆ ಒದೆತ ರಗ್ಬಿ ಲೋಕದಲ್ಲಿ ಎಲ್ಲರಿಗೂ ಗೊತ್ತು. ನಾವು ನೋಡಿ ಅಂತ ಹೇಳುತ್ತಿರುವುದು ಅದನ್ನಲ್ಲ. ವಿಡಿಯೊವನ್ನು ಸ್ವಲ್ಪ ಹಿಂದಕ್ಕೆ ಎಳೆಯಿರಿ. ಮೈದಾನದ ಅಂಚಿನ ಗೆರೆಯಾಚೆ ಒಬ್ಬ ದಪ್ಪ ಮನುಷ್ಯ ಎರಡೂ ಕೈಯಲ್ಲಿ ಚೆಂಡು ತಲೆಯ ಮೇಲೆ ಹಿಡಿದು ನಿಂತಿದ್ದಾರೆ. ಎದುರಿಗೆ ಎರಡೂ ತಂಡದವರು ಎರಡು ಸಾಲು. ಚೆಂಡನ್ನು ಹತ್ತಿರದವರಿಗೆ ಎಸೆದರೆ ಸುರಕ್ಷಿತ. ಅವರು ಸಾಲಿನ ಕಟ್ಟಕಡೆಗೆ, ಲೂಯಿಸ್ ಮೂಡಿ ಎಂಬ ಆಟಗಾರನಿಗೆ ಎಸೆಯುತ್ತಾರೆ. ಅಷ್ಟು ದೂರದ ಎಸೆತ ಒಂದು ಗೇಣು ಆಚೀಚೆ ಆದರೂ ವಿಶ್ವಕಪ್ ಹೋಯಿತು. ಆಗಲಿಲ್ಲ. ಮೂಡಿ ಹಿಡಿದರು, ಅಲ್ಲಿಂದ ಚೆಂಡು ಕೈಯಿಂದ ಕೈಗೆ ಹೋಯಿತು, ಕೊನೆಗೆ ವಿಲ್ಕಿನ್ಸನ್ ಕಾಲಿಗೆ ಬಂತು.

ಎಸೆದವರ ಹೆಸರು ಸ್ಟೀವ್ ಥಾಮ್ಸನ್. ಆ ದಿನ ಆಟದ ಪೂರ್ತಿ ಮೈದಾನದಲ್ಲಿದ್ದರು. ಆ ಎಸೆತ ಅವರಿಗೆ ಈಗ ನೆನಪಿಲ್ಲ. ಎಸೆತ ಹೋಗಲಿ, ಆ ವಿಶ್ವಕಪ್ಪೇ ನೆನಪಿಲ್ಲ.

ನಮ್ಮ ಗುಂಪಿನಲ್ಲಿ ಯಾರೂ ರಗ್ಬಿ ಆಡಿದವರಲ್ಲ. ನಾವು ಬೆಳೆದದ್ದು ಕಬಡ್ಡಿ ನೋಡಿಕೊಂಡು. ಆದರೆ ನಮ್ಮಲ್ಲಿ ಇಬ್ಬರ ಅಪ್ಪಂದಿರು ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು, ಒಬ್ಬಳ ಅವ್ವ ಇಟ್ಟಿಗೆ ಭಟ್ಟಿಯಲ್ಲಿ ತಲೆ ಮೇಲೆ ಹೊತ್ತವಳು. ಮೈಯನ್ನೇ ಬಂಡವಾಳ ಮಾಡಿಕೊಂಡವರ ಕತೆ ಎಲ್ಲಿದ್ದರೂ ನಮಗೆ ನಿಂತು ಓದಬೇಕು ಅನಿಸುತ್ತದೆ. ಇದನ್ನೂ ಹಾಗೇ ಓದಿದೆವು, ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆಟ ಅಂದರೇನು ಎಂದು ಸ್ವಲ್ಪ. ರಗ್ಬಿ ಯೂನಿಯನ್‌ನಲ್ಲಿ ಒಂದು ತಂಡಕ್ಕೆ 15 ಜನ. ಚೆಂಡು ದುಂಡಗಿಲ್ಲ, ಮೊಟ್ಟೆ ಆಕಾರ. ಅದನ್ನು ಎದುರಾಳಿಯ ಕೊನೆ ಗೆರೆ ದಾಟಿಸಿ ನೆಲಕ್ಕೆ ಒತ್ತಿದರೆ 5 ಅಂಕ. ಹೊತ್ತುಕೊಂಡು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಕೊಡುವುದಾದರೆ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ. ತಡೆಯುವವರು ಮೈಮೇಲೆ ಬಿದ್ದು ಕೆಡವುತ್ತಾರೆ. ಕಬಡ್ಡಿಯಲ್ಲಿ ರೈಡರ್ ಕಾಲು ಹಿಡಿದು ಮಗುಚುತ್ತೇವಲ್ಲ, ಅದನ್ನೇ ಜೋರಾಗಿ ಓಡಿಬರುವ ನೂರು ಕೆಜಿ ಮನುಷ್ಯನ ಮೇಲೆ ಮಾಡಿದ ಹಾಗೆ.

15 ಜನರಲ್ಲಿ 1ರಿಂದ 8ರವರೆಗಿನ ಅಂಗಿ ತೊಟ್ಟವರು ಫಾರ್ವರ್ಡ್‌ಗಳು. ಉಳಿದ 7 ಜನ ಬ್ಯಾಕ್‌ಗಳು. ಸಾಮಾನ್ಯವಾಗಿ ಓಡಿ ಅಂಕ ತಂದು ಪೇಪರಿನಲ್ಲಿ ಫೋಟೊ ಬರುವುದು ಬ್ಯಾಕ್‌ಗಳದು. ಫಾರ್ವರ್ಡ್‌ಗಳ ಕೆಲಸ ನೂಕುವುದು, ಎಳೆಯುವುದು, ಬಿದ್ದವರ ಮೇಲೆ ಬಿದ್ದು ಚೆಂಡು ಉಳಿಸುವುದು. ಬೇರೆಯವರು ಓಡಲಿಕ್ಕೆ ದಾರಿ ಮಾಡುವುದು.

ಇವರ ದುಡಿಮೆಯ ಅಸಲಿ ಜಾಗ ಸ್ಕ್ರಮ್. ಎಂಟು ಜನ ಮೂರು ಸಾಲಾಗಿ ಬಗ್ಗಿ ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಾರೆ. ಎದುರಿಗೆ ಅಂಥದ್ದೇ ಎಂಟು ಜನ. ಎರಡೂ ಗುಂಪಿನ ಮುಂಚೂಣಿಯವರ ತಲೆಗಳು ಬೆರಳಿಗೆ ಬೆರಳು ಹೆಣೆದಂತೆ ಒಂದರ ಸಂದಿಯಲ್ಲಿ ಒಂದು ಸೇರುತ್ತವೆ. ನಡುವೆ ಚೆಂಡು ಬಿಡುತ್ತಾರೆ, ನೂಕಾಟ ಶುರು. ದೊಡ್ಡ ತಂಡಗಳಲ್ಲಿ ಒಂದು ಗುಂಪಿನ ಒಟ್ಟು ತೂಕ 900 ಕೆಜಿ ಆಸುಪಾಸು.

ಥಾಮ್ಸನ್ ಅಂಗಿಯ ನಂಬರ್ 2. ಆ ಜಾಗಕ್ಕೆ ಹುಕರ್ ಅನ್ನುತ್ತಾರೆ. ಮುಂಚೂಣಿಯ ಮೂವರಲ್ಲಿ ನಡುವಿನವರು. ಎರಡೂ ತೋಳು ಅಕ್ಕಪಕ್ಕದ ಇಬ್ಬರ ಹೆಗಲ ಮೇಲೆ ಬಿಗಿ. ಎದುರಾಳಿಯನ್ನು ತಡೆಯಲಿಕ್ಕೆ ಕೈ ಇಲ್ಲ. ಬಿದ್ದರೆ ಊರಲಿಕ್ಕೂ ಕೈ ಇಲ್ಲ. ಹಿಂದಿನಿಂದ ಐವರು ನೂಕುತ್ತಾರೆ, ಮುಂದಿನಿಂದ ಎಂಟು ಜನರ ಒತ್ತು, ಅದರ ನಡುವೆ ಕಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಭಾರವೆಲ್ಲ ಕುತ್ತಿಗೆಗೆ. ನೂರು ಕೆಜಿ ಚೀಲ ಕುತ್ತಿಗೆ ಬುಡಕ್ಕೆ ಇಟ್ಟುಕೊಂಡು ಲಾರಿ ಹಲಗೆ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವರು ಹುಟ್ಟಿದ್ದು 1978ರಲ್ಲಿ, ಇಂಗ್ಲೆಂಡಿನ ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿ. ಬೆಳೆದು ಆಡಿದ್ದು ನಾರ್ಥಾಂಪ್ಟನ್‌ನಲ್ಲಿ. ಮೊದಲು ಸ್ಕ್ರಮ್‌ನ ಹಿಂದಿನ ಸಾಲಿನಲ್ಲಿದ್ದವರನ್ನು ಹುಕರ್ ಜಾಗಕ್ಕೆ ತಂದವರು ಕೋಚ್ ಇಯಾನ್ ಮೆಕ್‌ಗೀಕನ್. ಹುಡುಗ ಎತ್ತರ, ಅಗಲ, ಸುಮಾರು 115 ಕೆಜಿ ತೂಕ. ಅಂಥವನು ಮುಂದೆ ನಿಂತರೆ ಲಾಭ ಅಂತ ಲೆಕ್ಕ.

ಅವರ ಕಾಲದ ಬಗ್ಗೆ ಒಂದು ಮಾತು ಹೇಳಲೇಬೇಕು, ಕತೆಯ ಗಂಟು ಇರುವುದು ಅಲ್ಲೇ. 1995ರ ಆಗಸ್ಟ್‌ವರೆಗೆ ರಗ್ಬಿ ಯೂನಿಯನ್ ಆಡಿ ಸಂಬಳ ತೆಗೆದುಕೊಳ್ಳುವ ಹಾಗಿರಲಿಲ್ಲ. ರೈತರು, ಪೊಲೀಸರು, ಗಣಿ ಕೆಲಸದವರು, ಡಾಕ್ಟರುಗಳು ಕೆಲಸ ಮುಗಿಸಿ ಬಂದು ಅಭ್ಯಾಸ ಮಾಡಿ, ಶನಿವಾರ ಆಡಿ, ಸೋಮವಾರ ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು. ಆ ಆಗಸ್ಟ್‌ನಲ್ಲಿ ಆಟದ ಆಡಳಿತ ಮಂಡಳಿ ನಿಯಮ ತೆಗೆಯಿತು. ಆಟವೇ ನೌಕರಿ ಆಯಿತು.

ನೌಕರಿ ಆದಮೇಲೆ ವಾರವಿಡೀ ಅದೇ ಕೆಲಸ. ತೂಕ ಎತ್ತಿ ಮೈ ಬೆಳೆಸುವುದು, ಮತ್ತೆ ಮತ್ತೆ ಗುದ್ದಾಡುವುದು. ಆಟಗಾರರು ದಪ್ಪ ಆದರು, ವೇಗ ಹೆಚ್ಚಿತು, ಗುದ್ದು ಜೋರಾಯಿತು. ಆದರೆ ತಲೆಬುರುಡೆಯೊಳಗೆ ಇರುವುದು ಮೊದಲಿದ್ದಷ್ಟೇ ಮೆತ್ತಗೆ ಇತ್ತು. ಥಾಮ್ಸನ್ ಅವರದು ಹದಿಹರೆಯದಿಂದಲೇ ಇದನ್ನು ನೌಕರಿಯಾಗಿ ಮಾಡಿದ ಮೊದಲ ತಲೆಮಾರು. ಮುಂದೆ ಏನಾಗುತ್ತದೆ ಎಂದು ನೋಡಿ ಕಲಿಯಲಿಕ್ಕೆ ಅವರಿಗಿಂತ ಮುಂಚಿನವರು ಯಾರೂ ಇರಲಿಲ್ಲ.

ಒಳ್ಳೆಯ ದಿನಗಳೂ ಇದ್ದವು, ಅದನ್ನು ಬಿಟ್ಟರೆ ಅನ್ಯಾಯ. 2002ರಲ್ಲಿ ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್ ತಂಡಕ್ಕೆ ಬಂದರು. 2003ರ ಜೂನ್‌ನಲ್ಲಿ ವೆಲಿಂಗ್ಟನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧದ ಆಟವನ್ನು ಫಾರ್ವರ್ಡ್‌ಗಳು ಇಂದಿಗೂ ಮಾತಾಡುತ್ತಾರೆ. ಇಂಗ್ಲೆಂಡಿನ ಇಬ್ಬರು ಫಾರ್ವರ್ಡ್‌ಗಳನ್ನು ರೆಫರಿ ಹೊರಗೆ ಕೂರಿಸಿದ್ದರು. ತಮ್ಮದೇ ಗೆರೆಯ ಬುಡದಲ್ಲಿ ಸ್ಕ್ರಮ್. ಎದುರಿಗೆ ಎಂಟು ಜನ, ಇವರು ಆರೇ ಜನ. ಮತ್ತೆ ಮತ್ತೆ ನೂಕಿದರೂ ಗೆರೆ ಬಿಟ್ಟುಕೊಡಲಿಲ್ಲ. ಆಟ 15-13ಕ್ಕೆ ಗೆದ್ದರು. ಆ ಹೊತ್ತಿನಲ್ಲಿ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಕೇಳಿದ್ದಕ್ಕೆ ನಾಯಕ ಮಾರ್ಟಿನ್ ಜಾನ್ಸನ್ ಹೇಳಿದ್ದು ಒಂದೇ ಮಾತಂತೆ: ನನ್ನ ಬೆನ್ನುಮೂಳೆ. ನಮಗೆ ಓದಿ ನಗು ಬಂತು. ಆಮೇಲಿನದು ಗೊತ್ತಿದ್ದವರಿಗೆ ಅಷ್ಟು ನಗು ಬರಲಿಕ್ಕಿಲ್ಲ.

ಐದು ತಿಂಗಳಿಗೆ ವಿಶ್ವಕಪ್. ಇಂಗ್ಲೆಂಡಿಗೆ ಮೊದಲನೆಯದು, ಇವತ್ತಿನವರೆಗೆ ಪುರುಷರ ತಂಡಕ್ಕೆ ಅದೊಂದೇ.

2007ರ ಹೊತ್ತಿಗೆ ಕುತ್ತಿಗೆ ಕೈಕೊಟ್ಟಿತು. ಶಸ್ತ್ರಚಿಕಿತ್ಸೆ ಆಯಿತು. ಆಡಬೇಡ ಎಂದರು. 28ನೇ ವಯಸ್ಸಿಗೆ ನಿವೃತ್ತಿ. ಅದೇ ವರ್ಷ ಪರೀಕ್ಷೆ ಮಾಡಿಸಿ, ಪರವಾಗಿಲ್ಲ ಎಂಬ ಮಾತು ಸಿಕ್ಕ ಮೇಲೆ ಫ್ರಾನ್ಸಿನ ಬ್ರೀವ್ ಕ್ಲಬ್‌ಗೆ ಆಡಲು ಹೋದರು. ಯಾಕೆ ಹೋದರು ಎಂದು ದೂರದಲ್ಲಿ ಕೂತು ಕೇಳುವುದು ಸುಲಭ. ಬೇರೆ ಕೆಲಸ ಕಲಿಯದ ಮನುಷ್ಯನಿಗೆ ಗೊತ್ತಿರುವ ಒಂದೇ ಕೆಲಸಕ್ಕೆ ಮತ್ತೆ ಬಾ ಎಂದರೆ ಹೋಗುತ್ತಾನೆ. ಸೊಂಟ ಹಿಡಿದ ಮೇಲೂ ಸುಗ್ಗಿಯಲ್ಲಿ ನಾಲ್ಕು ಚೀಲ ಹೊರಲು ಹೋಗುವವರನ್ನು ನಾವು ನೋಡಿಲ್ಲವೇ. ಮತ್ತೆ ಇಂಗ್ಲೆಂಡ್ ತಂಡಕ್ಕೂ ಬಂದರು, 2011ರ ವಿಶ್ವಕಪ್ ಆಡಿದರು. ಆ ಡಿಸೆಂಬರ್‌ನಲ್ಲಿ ಮತ್ತೆ ಅದೇ ಕುತ್ತಿಗೆ. ಈ ಸಲ ನಿಂತೇಬಿಟ್ಟರು. ಇಂಗ್ಲೆಂಡ್ ಪರ ಒಟ್ಟು 73 ಪಂದ್ಯ.

ಕುತ್ತಿಗೆ ಎಲ್ಲರಿಗೂ ಕಾಣುತ್ತಿತ್ತು. ತಲೆಯೊಳಗಿನದು ಯಾರಿಗೂ ಕಾಣಲಿಲ್ಲ.

2020. ಕೊರೊನಾ ಲಾಕ್‌ಡೌನ್. ಹೊಸ ಪಂದ್ಯಗಳಿಲ್ಲದ ಟಿವಿಯವರು ಹಳೆಯ 2003ರ ಫೈನಲ್ ಹಾಕಿದರು. ಥಾಮ್ಸನ್ ಕೂತು ನೋಡಿದರು. ಯಾವುದೋ ಬೇರೆಯವರ ಆಟ ನೋಡಿದ ಹಾಗೆ. ಪರದೆ ಮೇಲೆ ಇರುವುದು ತಾನೇ, ಆದರೆ ಅಲ್ಲಿದ್ದ ನೆನಪಿಲ್ಲ. ಪರೀಕ್ಷೆಗಳಾದವು. ಆ ವರ್ಷದ ಕೊನೆಗೆ ಬಂದ ಉತ್ತರ: ಚಿಕ್ಕ ವಯಸ್ಸಿಗೇ ಬಂದ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ. ಜತೆಗೆ ಸಿಟಿಇ ಇರಬಹುದು ಎಂಬ ಅನುಮಾನ. ಆಗ ಅವರಿಗೆ 42 ವರ್ಷ. ಮನೆಯಲ್ಲಿ ನಾಲ್ಕು ಮಕ್ಕಳು.

ನಮ್ಮ ಅಜ್ಜ ಅಜ್ಜಿಯರಿಗೆ 80 ದಾಟಿದ ಮೇಲೆ ಅರಳು ಮರಳು ಎನ್ನುತ್ತೇವೆ. ಊಟ ಮಾಡಿದ್ದು ಮರೆತು ಮತ್ತೆ ಕೇಳುತ್ತಾರೆ, ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಾರೆ, ಮನೆಯವರು ಸಂಭಾಳಿಸುತ್ತಾರೆ. ಅದೇ 42ಕ್ಕೆ ಬಂದರೆ? ಕಟ್ಟಿಕೊಂಡ ಹೆಂಡತಿಯ ಹೆಸರೇ ಕೆಲವು ಸಲ ನಾಲಿಗೆಗೆ ಬರುವುದಿಲ್ಲ ಎಂದು ಥಾಮ್ಸನ್ ಹೇಳಿಕೊಂಡಿದ್ದಾರೆ.

ಸಿಟಿಇ ಎಂದರೇನು? ಗಡಿಗೆಯಲ್ಲಿ ಹೆಪ್ಪಾದ ಮೊಸರಿದೆ ಅಂದುಕೊಳ್ಳಿ. ಗಡಿಗೆಯನ್ನು ಹಿಡಿದು ಜೋರಾಗಿ ಕುಲುಕಿ ಗಕ್ಕನೆ ನಿಲ್ಲಿಸಿದರೆ ಗಡಿಗೆಗೆ ಏನೂ ಆಗುವುದಿಲ್ಲ, ಮೊಸರು ಒಡೆಯುತ್ತದೆ. ಮಿದುಳೂ ಹಾಗೇ ಬುರುಡೆಯೊಳಗೆ ಅಲುಗುತ್ತದೆ. ಹೊರಗೆ ರಕ್ತವಿಲ್ಲ, ಬಾವು ಇಲ್ಲ. ಒಂದು ಸಲ ಅಲುಗಿದರೆ ಸುಧಾರಿಸಬಹುದು. ವರ್ಷಗಟ್ಟಲೆ, ಸಾವಿರಾರು ಸಲ ಅಲುಗಿದರೆ ಮಿದುಳಿನಲ್ಲಿ ಒಂದು ಬಗೆಯ ಪ್ರೋಟೀನ್ ಗಂಟುಗಟ್ಟುತ್ತ ಹೋಗಿ ಜೀವಕೋಶಗಳು ಸಾಯುತ್ತವೆ. ಪ್ರಜ್ಞೆ ತಪ್ಪಿಸುವ ದೊಡ್ಡ ಪೆಟ್ಟೇ ಆಗಬೇಕೆಂದಿಲ್ಲ, ಸಣ್ಣ ಸಣ್ಣ ಪೆಟ್ಟುಗಳೂ ಕೂಡುತ್ತವೆ. ಬಾಕ್ಸಿಂಗ್ ಮಾಡುವವರಲ್ಲಿ ಇಂಥದ್ದು ಕಂಡು ಡಾಕ್ಟರುಗಳು ಬರೆದದ್ದು 1928ರಷ್ಟು ಹಿಂದೆ.

ಮತ್ತೆ ಆ ಪೆಟ್ಟುಗಳಲ್ಲಿ ಹೆಚ್ಚಿನವು ಟಿವಿಯಲ್ಲಿ ಕಾಣುವ ಪಂದ್ಯದಲ್ಲಿ ಬಿದ್ದವಲ್ಲ, ಅಭ್ಯಾಸದಲ್ಲಿ ಬಿದ್ದವು. ಥಾಮ್ಸನ್ ಹೇಳುವ ಪ್ರಕಾರ ಸ್ಕ್ರಮ್ ಅಭ್ಯಾಸದಲ್ಲಿ ತಲೆಗೆ ಬಡಿದು ಕಣ್ಣೊಳಗೆ ಬೆಳಕು ಹೊಡೆದ ಹಾಗಾಗಿ ಎಲ್ಲಿದ್ದೇನೆ ಎಂಬುದೇ ತಿಳಿಯದೆ ಬಿದ್ದಿರುವುದು ಅಪರೂಪವೇನಾಗಿರಲಿಲ್ಲ. ಸುತ್ತ ಇದ್ದವರು ಒಂದು ನಿದ್ದೆ ತೆಗೆಯುತ್ತಿದ್ದಾನೆ, ಏಳುತ್ತಾನೆ ಬಿಡು ಎನ್ನುತ್ತಿದ್ದರಂತೆ. ಎದ್ದು ಮತ್ತೆ ನೂಕುತ್ತಿದ್ದರು.

ಈ ಸಾಲು ಓದಿದಾಗ ನಮಗೆ ನೆನಪಾದದ್ದು ಹೊನಲು ಬೆಳಕಿನ ಕಬಡ್ಡಿ. ಹುಡುಗ ತಲೆ ಬಡಿದು ಬೀಳುತ್ತಾನೆ. ಮೈಕಿನವರು ಚಪ್ಪಾಳೆ ಕೇಳುತ್ತಾರೆ. ಮುಖಕ್ಕೆ ನೀರು ಚಿಮುಕಿಸಿ, ಅಂಗಾಲು ತಿಕ್ಕಿ ಎಬ್ಬಿಸುತ್ತಾರೆ. ಎರಡು ನಿಮಿಷಕ್ಕೆ ಅಂಕಣಕ್ಕೆ ವಾಪಸ್. ಕೈ ಮುರಿದಿದ್ದರೆ ಯಾರೂ ಹಾಗೆ ಕಳಿಸುವುದಿಲ್ಲ. ಡಾಕ್ಟರುಗಳು ಹೇಳುವುದು ಇಷ್ಟೇ: ತಲೆಗೆ ಪೆಟ್ಟಾಗಿ ಮಂಕಾದವರು, ವಾಂತಿ ಮಾಡಿದವರು, ಅಂಕ ಎಷ್ಟು ಎಂದು ಕೇಳಿದರೆ ತಡವರಿಸುವವರು ಆ ದಿನ ಮತ್ತೆ ಆಡಬಾರದು. ಡಾಕ್ಟರಿಗೆ ತೋರಿಸಬೇಕು. ಇದಕ್ಕೆ ದುಡ್ಡಿನ ಯಂತ್ರ ಏನೂ ಬೇಡ.

ಥಾಮ್ಸನ್ ಒಬ್ಬರೇ ಅಲ್ಲ. ವೇಲ್ಸ್‌ನ ಅಲಿಕ್ಸ್ ಪೋಫಮ್‌ಗೆ 40ಕ್ಕೆ ಇದೇ ಸುದ್ದಿ ಬಂತು. ವೇಲ್ಸ್ ತಂಡದ ನಾಯಕರಾಗಿದ್ದ ರಯಾನ್ ಜೋನ್ಸ್‌ಗೂ ಬಂತು, ನ್ಯೂಜಿಲೆಂಡಿನ ಕಾರ್ಲ್ ಹೇಮನ್‌ಗೂ ಬಂತು. ನಾಲ್ವರೂ ಫಾರ್ವರ್ಡ್‌ಗಳು. ಹಾಗಂತ ಬ್ಯಾಕ್‌ಗಳು ಪಾರಾದರು ಎಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ 412 ಮಾಜಿ ಅಂತರರಾಷ್ಟ್ರೀಯ ಆಟಗಾರರ ಆರೋಗ್ಯದ ದಾಖಲೆ ನೋಡಿ 2022ರಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಮಿದುಳಿನ ಕಾಯಿಲೆಗಳ ಅಪಾಯ ಉಳಿದ ಜನರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ಯಾವ ಜಾಗದಲ್ಲಿ ಆಡುತ್ತಿದ್ದರು ಎಂಬುದರಿಂದ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಹುಕರ್ ಕೆಲಸ ಕೆಟ್ಟದ್ದು, ಓಡುವವರದು ಸುಖ ಎಂದು ಬರೆಯಲು ನಮಗೂ ಸುಲಭವಾಗುತ್ತಿತ್ತು. ಆ ಲೆಕ್ಕ ಹಾಗೆ ಹೇಳಲು ಬಿಡುವುದಿಲ್ಲ.

ಇದನ್ನೆಲ್ಲ ನಮ್ಮ ಗುಂಪಿನವನೊಬ್ಬನ ಮನೆಯ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದಾಗ ಅವನ ಅಪ್ಪ ಕೇಳಿಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಹಮಾಲಿ ಮಾಡಿದವರು. ಈಗ ಕುತ್ತಿಗೆ ಎಡಕ್ಕೆ ಹೊರಳುವುದಿಲ್ಲ, ಎಡಗಡೆ ಕೂತವರನ್ನು ಮಾತಾಡಿಸಬೇಕಾದರೆ ಇಡೀ ಮೈ ತಿರುಗಿಸುತ್ತಾರೆ.

"ರೊಕ್ಕ ಚಲೋ ಕೊಡ್ತಿದ್ರೇನ ಅವಂಗ?" ಎಂದರು.

"ಕೊಡ್ತಿದ್ರು ಕಾಕಾ. ನಮ್ಮ ಲೆಕ್ಕಕ್ಕ ಭಾಳ ಆತು."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು. "ಚೀಲ ಹೊತ್ರ ಸೊಂಟ ಹೋಗ್ತೈತಿ ಅಂತ ನಮಗ ಗೊತ್ತಿತ್ತು. ನಮ್ಮಪ್ಪಂದೂ ಹೋಗಿತ್ತು, ಕಣ್ಣಾರೆ ನೋಡಿದ್ವಿ. ಇವಂಗ ಮೊದಲ ಯಾರರ ಹೇಳಿದ್ರೇನು?"

ಲಂಡನ್ನಿನ ಕೋರ್ಟಿನಲ್ಲಿ ವರ್ಷಗಳಿಂದ ಎಳೆದಾಡುತ್ತಿರುವ ದಾವೆಯ ತಿರುಳೂ ಇದೇ ಪ್ರಶ್ನೆ. ಥಾಮ್ಸನ್, ಪೋಫಮ್ ಸೇರಿ ಕೆಲವರು 2020ರಲ್ಲಿ ಶುರು ಮಾಡಿದ್ದು ಆಮೇಲೆ ನೂರಾರು ಆಟಗಾರರ ದಾವೆಯಾಯಿತು. ವರ್ಲ್ಡ್ ರಗ್ಬಿ, ಇಂಗ್ಲೆಂಡಿನ ಮತ್ತು ವೇಲ್ಸ್‌ನ ರಗ್ಬಿ ಒಕ್ಕೂಟಗಳ ಮೇಲೆ ಅವರ ದೂರು: ತಲೆಪೆಟ್ಟಿನ ಅಪಾಯ ತಿಳಿಯುವಷ್ಟು ವಿಜ್ಞಾನ ಆಗಲೇ ಇತ್ತು, ಆದರೂ ನಮ್ಮನ್ನು ಕಾಪಾಡಲು ಬೇಕಾದಷ್ಟು ಮಾಡಲಿಲ್ಲ. ಸಂಸ್ಥೆಗಳು ಇದನ್ನು ಒಪ್ಪುವುದಿಲ್ಲ. ಆಟಗಾರರ ಕ್ಷೇಮಕ್ಕೆ ಮೊದಲಿನಿಂದಲೂ ಗಮನ ಕೊಟ್ಟಿದ್ದೇವೆ, ವಿಜ್ಞಾನ ಹೇಳಿದಂತೆ ನಿಯಮ ಬದಲಿಸುತ್ತ ಬಂದಿದ್ದೇವೆ ಎಂಬುದು ಅವರ ಮಾತು. ಸರಿ ಯಾರದು ಎಂದು ಹೇಳಬೇಕಾದದ್ದು ಕೋರ್ಟು. ನಮಗೆ ಅನಿಸುವುದು ಇಷ್ಟು: ಆಟಗಾರನಿಗೆ ಓದಿ ತಿಳಿದುಕೊಳ್ಳುವ ಪುರುಸೊತ್ತು ಇರುವುದಿಲ್ಲ, ಡಾಕ್ಟರುಗಳನ್ನು ಸಂಬಳಕ್ಕೆ ಇಟ್ಟುಕೊಂಡ ಸಂಸ್ಥೆಗೆ ಇರುತ್ತದೆ.

ನಿಯಮ ಬದಲಾದದ್ದು ನಿಜವೇ. ಮೊದಲು ಸ್ಕ್ರಮ್‌ನಲ್ಲಿ ಎರಡೂ ಗುಂಪು ಅಂತರ ಬಿಟ್ಟು ನಿಂತು, ರೆಫರಿ ಹೇಳಿದ ಕೂಡಲೇ ಧಡ್ ಎಂದು ಗುದ್ದಿಕೊಳ್ಳುತ್ತಿದ್ದವು. 2013ರಿಂದ ಮುಂಚೂಣಿಯ ಅಕ್ಕಪಕ್ಕದವರು ಎದುರಾಳಿಯ ಅಂಗಿ ಹಿಡಿದುಕೊಂಡ ಮೇಲೆಯೇ ಸೇರಬೇಕು. ಗುದ್ದು ಎಷ್ಟೋ ಕಡಿಮೆ ಆಯಿತು. ಥಾಮ್ಸನ್ ಬಿಟ್ಟು ಆಗ ಎರಡು ವರ್ಷ ಆಗಿತ್ತು. ತಲೆಗೆ ಪೆಟ್ಟಾದ ಅನುಮಾನ ಬಂದರೆ ಹೊರಗೆ ಕರೆದು ಡಾಕ್ಟರು ಪರೀಕ್ಷೆ ಮಾಡುತ್ತಾರೆ. 2024ರಿಂದ ದೊಡ್ಡ ಪಂದ್ಯಗಳಲ್ಲಿ ಹಲ್ಲಿಗೆ ಹಾಕುವ ಗಾರ್ಡಿನೊಳಗೇ ಸಣ್ಣ ಯಂತ್ರ ಇರುತ್ತದೆ, ತಲೆ ಎಷ್ಟು ಜೋರಾಗಿ ಅಲುಗಿತು ಎಂದು ಅದು ಆಗಿಂದಾಗಲೇ ಹೊರಗಿರುವ ಡಾಕ್ಟರಿಗೆ ತಿಳಿಸುತ್ತದೆ.

ಮತ್ತೆ ಅದೇ ಜೀವನ ಸಿಕ್ಕರೆ ಆಡುತ್ತೀರಾ ಎಂದರೆ ಥಾಮ್ಸನ್ ಇಲ್ಲ ಎನ್ನುತ್ತಾರೆ. ವಿಶ್ವಕಪ್ ಗೆದ್ದವರ ಬಾಯಲ್ಲಿ ಈ ಮಾತು ನಾವು ಬೇರೆಲ್ಲೂ ಕೇಳಿದ್ದಿಲ್ಲ. 2022ರಲ್ಲಿ ತಮ್ಮ ಕತೆಯನ್ನು ಪುಸ್ತಕ ಮಾಡಿದರು. ಅದಕ್ಕಿಟ್ಟ ಹೆಸರು ಅನ್‌ಫರ್ಗೆಟಬಲ್. ಮರೆಯಲಾಗದ್ದು.

ಅವರ ಕಾಯಿಲೆಯ ವರದಿಯಲ್ಲಿ ಸಿಟಿಇ ಪಕ್ಕದಲ್ಲಿ "ಇರಬಹುದು" ಎಂಬ ಮಾತಿದೆ ಎಂದೆವಲ್ಲ. ಅದು ಡಾಕ್ಟರುಗಳು ನುಣುಚಿಕೊಳ್ಳಲು ಬರೆದದ್ದಲ್ಲ. ಮನುಷ್ಯ ಬದುಕಿರುವಾಗ ಸಿಟಿಇ ಖಚಿತ ಮಾಡುವ ಪರೀಕ್ಷೆ ಇನ್ನೂ ಬಂದಿಲ್ಲ. ಸತ್ತ ಮೇಲೆ ಮಿದುಳನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. ಮುಂದೆ ಆಡುವ ಮಕ್ಕಳಿಗೆ ಉಪಯೋಗವಾಗಲಿ ಎಂದು, ತಾನು ಸತ್ತ ಮೇಲೆ ತನ್ನ ಮಿದುಳನ್ನು ಸಂಶೋಧನೆಗೆ ತೆಗೆದುಕೊಳ್ಳಿ ಎಂದು 2021ರಲ್ಲೇ ಬರೆದುಕೊಟ್ಟಿದ್ದಾರೆ.